ಕಂಡಿ ಐತಿ ಅಂತ ತಿಳಕೋರಿ

ನಮ್ಮ ಮನೆಯಲ್ಲಿ ಇದ್ದ ವಸ್ತುಗಳಿಗಿಂತ ಇಲ್ಲದ ವಸ್ತುಗಳೇ ಹೆಚ್ಚು ಜಾಗ ಹಿಡಿದಿದ್ದವು. ಪಡಸಾಲೆಯ ಒಂದು ಗೋಡೆಯ ತುಂಬ ಅಪ್ಪ ಕೆಮ್ಮಣ್ಣಿನಲ್ಲಿ ಬರೆದ ಕರ್ನಾಟಕದ ನಕಾಶೆ ಇತ್ತು. ಅಂಥದೊಂದು ರಾಜ್ಯ ಆಗ ಎಲ್ಲಿಯೂ ಇರಲಿಲ್ಲ. ನಮ್ಮೂರು ಗದಗು ಮುಂಬೈ ಪ್ರಾಂತದಲ್ಲಿತ್ತು. ಅವ್ವನ ತವರಿನ ಕಡೆ, ಮುಂಡರಗಿಯ ಆಚೆ ಹೊಳೆ ದಾಟಿದರೆ ಮದ್ರಾಸಿನವರ ಸೀಮೆ, ಮೂಡಣಕ್ಕೆ ನಡೆದರೆ ಹೈದರಾಬಾದಿನವರದು. ಅತ್ತೆಯನ್ನು ಕೊಟ್ಟಿದ್ದ ಲಕ್ಷ್ಮೇಶ್ವರ ಸ್ವಾತಂತ್ರ್ಯ ಬರುವ ತನಕ ಸಂಸ್ಥಾನದ ಊರು. ಇಷ್ಟೆಲ್ಲ ಗಡಿಗಳನ್ನು ಅಪ್ಪ ಒಂದೇ ಕೆಂಪು ಗೆರೆಯೊಳಗೆ ಸೇರಿಸಿಬಿಟ್ಟಿದ್ದ. ಶಾಲೆಯ ಭೂಗೋಳದ ಪುಸ್ತಕದಲ್ಲಿ ಆ ಆಕಾರವನ್ನು ಹುಡುಕಿ, ಸಿಗದೆ, ನಾನು ಒಮ್ಮೆ ಕೇಳಿದೆ.

“ಅಪ್ಪಾ, ಈ ನಾಡು ಎಲ್ಲೈತಿ?”

“ಐತಿ ಅಂತ ತಿಳಕೋ.”

ನಾಡಿನ ಮಟ್ಟಿಗೆ ಆ ಮಾತು ಸರಿಯಿದ್ದಿರಬಹುದು. ಅಪ್ಪನ ಜೊತೆಯವರೆಲ್ಲ ಹಾಗೆ ತಿಳಿದುಕೊಂಡೇ ಸಭೆ ಮಾಡುತ್ತಿದ್ದರು, ಹಾಡುತ್ತಿದ್ದರು, ಅರ್ಜಿ ಬರೆಯುತ್ತಿದ್ದರು. ಆದರೆ ಅಪ್ಪ ಆ ಮಾತನ್ನು ಮನೆಯೊಳಕ್ಕೂ ತಂದಿದ್ದ. ಕೊನೆಯ ಚಮಚ ತುಪ್ಪ ತನ್ನ ತಾಟಿಗೆ ಬಿದ್ದ ಮೇಲೆ ನಮ್ಮ ಕಡೆ ನೋಡಿ, “ನಿಮಗೂ ಐತಿ ಅಂತ ತಿಳಕೊಂಡ ಉಣ್ರಿ” ಎನ್ನುತ್ತಿದ್ದ. ಬಚ್ಚಲಮನೆಯ ಕದ ಕಳಚಿಬಿದ್ದು ಎರಡು ಮಳೆಗಾಲ ಕಳೆದಿದ್ದವು. ಬಡಿಗ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ. ಅತ್ತೆ ಬೈದಾಗಲೆಲ್ಲ ಅಪ್ಪ ಪತ್ರಿಕೆಯಿಂದ ಕಣ್ಣೆತ್ತದೆ, “ಕದ ಐತಿ ಅಂತ ತಿಳಕೋರಿ” ಎನ್ನುತ್ತಿದ್ದ. ಹಾಗೆ ತಿಳಿದುಕೊಂಡು ಸ್ನಾನ ಮಾಡುವುದು ಗಂಡಸರಿಗೆ ಸುಲಭ. ನಾನು ದೊಡ್ಡವಳಾಗುತ್ತಿದ್ದೆ; ಬಚ್ಚಲಿಗೆ ಹೋಗುವ ಮೊದಲು ಹಿತ್ತಲಲ್ಲಿ ಯಾರಿದ್ದಾರೆ, ಮಾಳಿಗೆಯ ಮೇಲೆ ಯಾರಿದ್ದಾರೆ ಎಂದು ನೋಡಿಕೊಂಡು ಬರುವುದೇ ಒಂದು ಕೆಲಸವಾಗಿತ್ತು. ಕೊನೆಗೊಂದು ಮಧ್ಯಾಹ್ನ ಅವ್ವ ಯಾರನ್ನೂ ಕೇಳದೆ ಎರಡು ಮೊಳೆ ಬಡಿದು ಹಳೆಯ ಕಂಬಳಿಯೊಂದನ್ನು ಇಳಿಬಿಟ್ಟಳು. ಅಪ್ಪ ಅದನ್ನು ಗಮನಿಸಿದ್ದು ಎಷ್ಟೋ ದಿನಗಳ ನಂತರ. ಅವ್ವ ಮಾತಾಡುತ್ತಿದ್ದದ್ದು ಬಹುಮಟ್ಟಿಗೆ ಹೀಗೆಯೇ, ಮೊಳೆ ಬಡಿದು. ಬಾಯಿ ತೆರೆದರೆ ಅಪ್ಪ “ಸುಮ್ಮ ಇರು” ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ನೊಣ ಹೊಡೆಯುವಷ್ಟು ಸಹಜವಾಗಿ.

ನಡುಮನೆಯಿಂದ ಆಚೆಗೆ ಅತ್ತೆಯ ಆಳಿಕೆ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಲಕ್ಷ್ಮೇಶ್ವರದಿಂದ ಬಂದವಳು ಅಡಿಗೆಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಅಲ್ಲಿಯೇ ಉಳಿಯಿತು. ಒಲೆಯ ಎದುರಿಗೆ ಎತ್ತರದ ಹಲಗೆಯ ಮೇಲೆ ಅವಳ ನಾಲ್ಕು ತಗಡಿನ ಡಬ್ಬಿಗಳು ಇರುತ್ತಿದ್ದವು. ಹುಬ್ಬಳ್ಳಿಯಿಂದ ಚಹಾ ತುಂಬಿಕೊಂಡು ಬಂದ ಡಬ್ಬಿಗಳು, ಬಿಗಿಯಾದ ಮುಚ್ಚಳದವು. ಒಂದರಲ್ಲಿ ಬೆಲ್ಲ, ಒಂದರಲ್ಲಿ ಅವಲಕ್ಕಿ, ಒಂದರಲ್ಲಿ ಪುಟಾಣಿ, ಇನ್ನೊಂದರಲ್ಲಿ ಶೇಂಗಾ. ಅವ್ವ ಗಿಡ್ಡ, ಆ ಹಲಗೆ ಅವಳ ಕೈಗೆ ನಿಲುಕುತ್ತಿರಲಿಲ್ಲ. ಹೋಳಿಗೆಯ ದಿನವೂ ಅವಳು “ಅಕ್ಕಾರ, ಬೆಲ್ಲ ಕೊಡ್ರಿ” ಎಂದು ಕೇಳಬೇಕು. ಅತ್ತೆ ಡಬ್ಬಿ ಇಳಿಸಿ, ಒಂದು ಪೆಂಟಿ ಮುರಿದು, ಅಂಗೈಯಲ್ಲಿ ತೂಗಿ ನೋಡಿ, ಅದರಿಂದ ಮತ್ತಷ್ಟು ಮುರಿದು ಡಬ್ಬಿಗೆ ಹಾಕಿ, ಉಳಿದದ್ದನ್ನು ಕೊಡುತ್ತಿದ್ದಳು. ಮುಚ್ಚಳ ಹಾಕುವಾಗ ಅಂಗೈಯಿಂದ ಒಂದು ಗುದ್ದು. ಆ ಸಪ್ಪಳ ಕೇಳಿದರೆ ಇವತ್ತಿಗೂ ನನಗೆ ಕಿರಿಕಿರಿಯಾಗುತ್ತದೆ.

ಮೊದಲ ಚುನಾವಣೆ ಬಂದದ್ದು ಈ ಮನೆಗೆ. ಗಂಡಸು ಹೆಂಗಸು ಎನ್ನದೆ ಎಲ್ಲರೂ ಮತ ಹಾಕಬೇಕು, ಆದರೆ ಹಾಕುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಕಚೇರಿಯವರು ಓಣಿಗೊಬ್ಬರಂತೆ ಓದುಬರಹ ಬಲ್ಲವರನ್ನು ಕರೆದು, ನಿಮ್ಮ ನಿಮ್ಮ ಓಣಿಯವರಿಗೆ ನೀವೇ ತಿಳಿಸಿ ಹೇಳಿ ಎಂದರು. ನಮ್ಮ ಓಣಿಗೆ ಅಪ್ಪ. ಅವನದು ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ, ಪಾಲುದಾರಿಕೆಯಲ್ಲಿ. ವ್ಯಾಪಾರಕ್ಕಿಂತ ಪತ್ರಿಕೆ ಓದಿ ಹೇಳುವುದರಲ್ಲಿ ಹೆಸರು. ಗಂಡಸರಿಗೆ ಹೆಚ್ಚು ಕಲಿಸುವುದಿರಲಿಲ್ಲ. ಅವರು ಅಂಗಡಿಯ ಕಟ್ಟೆಯಲ್ಲಿ ಕುಳಿತು ಪತ್ರಿಕೆಯಲ್ಲಿ ಬಂದ ಪೆಟ್ಟಿಗೆಯ ಚಿತ್ರವನ್ನು ನೋಡಿದ್ದರು. ಹೆಂಗಸರಿಗೆ ಕಲಿಸಬೇಕಿತ್ತು, ಮತ್ತು ಅವರು ಬರುವುದು ನಮ್ಮ ಪಡಸಾಲೆಗೇ. ಸಂಜೆಯ ರೊಟ್ಟಿ ಬಡಿಯುವ ಮೊದಲು, ಒಂದಿಷ್ಟು ಬಿಡುವಿನಲ್ಲಿ, ಅವರು ಸೆರಗು ಹೊದ್ದು ಗೋಡೆಗೆ ಒರಗಿ ಕುಳಿತುಕೊಳ್ಳುತ್ತಿದ್ದರು. ಮೊದಲನೆಯ ದಿನವೇ ಅಪ್ಪ ನಕಾಶೆಯ ಮುಂದೆ ನಿಂತು, ಓಟು ಎಂಬ ಪರದೇಶಿ ಶಬ್ದವನ್ನು ಯಾರೂ ಆಡಬಾರದು ಎಂದ. ಮತ ಎನ್ನಬೇಕು, ಮತದಾನ ಎನ್ನಬೇಕು. ಎದುರುಮನೆಯ ಕಲ್ಲವ್ವನಿಗೆ ಇದು ಹಿಡಿಸಲಿಲ್ಲ. ಬೆಟಗೇರಿಯ ನೇಕಾರರ ಮಗಳು. ಇಡೀ ದಿನ ರಾಟಿಯ ಮುಂದೆ ನೂಲು ಸುತ್ತುತ್ತ ಕೂಡುವವಳು, ಮಾತಿಗೆ ಹಿಂಜರಿಯುವವಳಲ್ಲ.

“ಮತ ಪೆಟ್ಟಿಗ್ಯಾಗ ಹಾಕಿದ್ರ ನಾವು ಯಾವ ಮತದಾವರು ಆದಿವ್ರಿ ಅಣ್ಣಾರ? ಮನ್ಯಾಗ ದೇವ್ರ ಪೂಜಿ ಬಿಡಬೇಕೇನು?”

“ಆ ಮತ ಅಲ್ಲವಾ. ಮತ ಅಂದ್ರ ನಿನ್ನ ಮನಸಿನ ಮಾತು.”

“ಮನಸಿನ ಮಾತು ಕಾಗದದ ಮ್ಯಾಲ ನಾ ಬರದೀನೇನ್ರಿ? ನನಗ ಬರಿಯಾಕ ಎಲ್ಲಿ ಬರತೈತಿ?”

“ಬರಿಯೂದಲ್ಲ. ಕಾಗದ ಅವರ ಕೊಡತಾರ. ಅದನ್ನ ನೀ ದಾನ ಮಾಡೂದು. ಅದಕ್ಕ ಮತದಾನ.”

ಅತ್ತೆ ಅಡಿಗೆಮನೆಯ ಹೊಸ್ತಿಲಿನಿಂದ ಬಾಯಿ ಹಾಕಿದಳು.

“ಛಂದ ಆತು ಬಿಡೋ ತಮ್ಮಾ. ಕಾಗದಾ ಅವರದು, ಪೆಟ್ಟಿಗಿ ಅವರದು, ದಾನಾ ನಮ್ಮದು. ನಮ್ಮ ಸಂಸ್ಥಾನದಾಗ ಇಂಥಾ ದಾನಾ ಯಾರೂ ಕೇಳಿದ್ದಿಲ್ಲ.”

ಎಲ್ಲರೂ ನಕ್ಕರು, ಅವ್ವನೂ. ಅಪ್ಪ ನಗಲಿಲ್ಲ. ನನಗೂ ನಗು ಬರಲಿಲ್ಲ; ಓಟು ಎಂದರೆ ಎಲ್ಲರಿಗೂ ಗೊತ್ತಿತ್ತು, ಅಷ್ಟನ್ನೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ದಾನ ಎಂಬ ಮಾತು ಹೆಂಗಸರ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು. ದಾನ ಕೊಡುವ ರೀತಿ ಅವರಿಗೆ ಕಲಿಸಬೇಕಾಗಿರಲಿಲ್ಲ. ಸ್ವಾಮಿಗಳು ಮನೆಗೆ ಬಂದಾಗ ದಕ್ಷಿಣೆಯನ್ನು ಕೈಗೆ ತುರುಕುವುದಿಲ್ಲ. ತಾಟಿನ ಮೇಲೆ ಬಲಗೈಯಿಂದ ಇಟ್ಟು, ಕಣ್ಣಿಗೆ ಕೈ ಹಚ್ಚಿಕೊಂಡು, ಹಿಂದೆ ಸರಿದು ನಿಲ್ಲುತ್ತಾರೆ.

ಹೇಳಿದರೆ ಸಾಲದು, ಮಾಡಿಸಬೇಕು ಎಂದು ಅಪ್ಪನಿಗೆ ಹೊಳೆದದ್ದು ಎರಡನೆಯ ದಿನ. ಆ ಚುನಾವಣೆಯಲ್ಲಿ ನಿಂತವರಿಗೆಲ್ಲ ಒಬ್ಬೊಬ್ಬರಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚಿತ್ರ. ಚೀಟಿಯ ಮೇಲೆ ಏನೂ ಬರೆಯುವುದಿಲ್ಲ, ಒತ್ತುವುದಿಲ್ಲ. ಕಂಬಳಿ ಇಳಿಬಿಟ್ಟ ಮರೆಯೊಳಗೆ ಹೋಗಿ ಬೇಕಾದವರ ಪೆಟ್ಟಿಗೆಯಲ್ಲಿ ಹಾಕಿ ಬರುವುದು. ದಿಲ್ಲಿಗೊಂದು ಚೀಟಿ, ಮುಂಬೈಗೊಂದು. ರೀತಿ ಎರಡಕ್ಕೂ ಒಂದೇ, ಆದ್ದರಿಂದ ಅಪ್ಪ ಒಂದನ್ನೇ ಕಲಿಸಿದ. ಅತ್ತೆಯ ನಾಲ್ಕು ಡಬ್ಬಿಗಳು ಹಲಗೆಯಿಂದ ಇಳಿದು ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತವು, ತುಂಬಿದ್ದು ತುಂಬಿದ ಹಾಗೆಯೇ. ಅಪ್ಪ ಚಿತ್ರ ಬರೆದು ಅಂಟಿಸಿದ: ಏಣಿ, ತಕ್ಕಡಿ, ದೋಣಿ, ಸೈಕಲ್ಲು. ಏಣಿಯವರು ಏಕೀಕರಣದ ಪರವಾಗಿ ಮಾತಾಡಿದವರು, ಅಪ್ಪನಿಗೆ ಬೇಕಾದವರು. ತಾನು ಯಾರ ಪರವೂ ಅಲ್ಲ ಎಂದು ಅಪ್ಪ ದಿನಕ್ಕೊಮ್ಮೆ ಹೇಳುತ್ತಿದ್ದ. ಆದರೆ ಏಣಿಗೆ ಮಾತ್ರ ಮೆಟ್ಟಿಲುಗಳನ್ನು ಅಡ್ಡಪಟ್ಟಿ ಇಟ್ಟು ಗೆರೆ ಎಳೆದಿದ್ದ, ಮತ್ತು ಅದನ್ನು ಬೆಲ್ಲದ ಡಬ್ಬಿಗೆ ಅಂಟಿಸಿದ್ದ. ತಕ್ಕಡಿಯ ಚಿತ್ರವನ್ನು ಅತ್ತೆ ಕತ್ತು ಓರೆ ಮಾಡಿ ನೋಡಿ, “ಇದೇನೋ, ತೊಟ್ಟಿಲೋ?” ಎಂದಳು. ದೋಣಿಯನ್ನು ಆ ಪಡಸಾಲೆಯಲ್ಲಿ ಕಣ್ಣಾರೆ ಕಂಡವಳು ಹೊಳೆದಂಡೆಯ ಅವ್ವ ಒಬ್ಬಳೇ. ಅಪ್ಪ ಬರೆದದ್ದು ಮೊರದ ಹಾಗಿತ್ತು.

ಅವ್ವ ಹೇಳಿದ್ದು ಬೇರೆ ಮಾತು.

“ಚೀಟಿ ಒಳಗ ಹೋಗಾಕ ಮುಚ್ಚಳದಾಗ ಕಂಡಿ ಬೇಕಲ್ರಿ. ಒಂದು ಡಬ್ಬಿ ಕೊಯ್ಯೂಣು.”

“ನನ್ನ ಡಬ್ಬಿ ಕೊಯ್ತಿಯೇನ? ಇರಿವಿ ಹೊಕ್ಕಾವು. ಬೆಲ್ಲ ನಿನ್ನ ತವರಿಂದ ಬರತೈತೇನ?” ಎಂದಳು ಅತ್ತೆ.

“ಅಕ್ಕಾ, ಕೊಯ್ಯೂದು ಬ್ಯಾಡ,” ಎಂದ ಅಪ್ಪ. “ತಿಳಿದವರಿಗೆ ಅಷ್ಟೆಲ್ಲ ಯಾಕ? ಕಂಡಿ ಐತಿ ಅಂತ ತಿಳಕೋರಿ ಅಂದ್ರ ಆತು.”

“ಆದ್ರ ಅವರು...”

“ನೀ ಸುಮ್ಮ ಇರು.”

ಹೀಗೆ ಶುರುವಾಯಿತು. ಮೊದಲ ಮತದಾರಳು ಪ್ರತಿದಿನ ನಾನೇ. ಹತ್ತಿಯ ಅಂಗಡಿಯ ಹಳೆಯ ರಸೀತಿ ಹರಿದು ಮಾಡಿದ ಚೀಟಿಯನ್ನು ಹಿಡಿದು ನಾನು ಕಟ್ಟೆಯ ತನಕ ನಡೆಯಬೇಕು. ಮುಚ್ಚಳದ ಮೇಲೆ ಚೀಟಿ ಇಡಬೇಕು. ಆಗ ಅಪ್ಪ, “ಇಲ್ಲಿ ಕಂಡಿ ಐತಿ ಅಂತ ತಿಳಕೋರಿ. ಚೀಟಿ ಒಳಗ ಬಿತ್ತು. ಆತು” ಎನ್ನುತ್ತಿದ್ದ. ಬಿದ್ದಿರಲಿಲ್ಲ. ಅದು ನನ್ನ ಕಣ್ಣೆದುರು ಬೆಲ್ಲದ ಡಬ್ಬಿಯ ಮೇಲೆ ಇರುತ್ತಿತ್ತು, ಗಾಳಿಗೆ ಕೆಲವು ಸಲ ಹಾರುತ್ತಿತ್ತು, ಆಗ ಕಲ್ಲವ್ವ ಅದನ್ನು ಹಿಡಿದು ಮತ್ತೆ ಇಡುತ್ತಿದ್ದಳು. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೂ ನಿದ್ದೆ ಬಾರದ ಹುಡುಗಿ ನಾನು. ಇಲ್ಲದ ಕಂಡಿಯ ಮೇಲೆ ಇಟ್ಟ ಚೀಟಿ ಒಳಗೆ ಬಿತ್ತು ಎಂದು ದಿನವೂ ಹೇಳಿಸಿಕೊಂಡು ನಿಲ್ಲುವುದು ನನಗೆ ಒಂದು ಶಿಕ್ಷೆಯಾಗಿತ್ತು. ನನ್ನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಸೆರಗು ಸರಿಮಾಡಿಕೊಂಡು, ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡು, ಬಲಗೈಯಿಂದ ಮುಚ್ಚಳದ ನಡುವೆ ಇಟ್ಟು, ಕೈ ಮುಗಿದು ಹಿಂದೆ ಸರಿದರು. ಎಷ್ಟು ಚೆನ್ನಾಗಿ ಕಲಿತರೆಂದರೆ ಅಪ್ಪನ ಕಣ್ಣಲ್ಲಿ ನೀರು ಬಂತು. ಕಚೇರಿಯವರೊಬ್ಬರು ಬಂದು ನೋಡಿ, ಇಷ್ಟು ಅಚ್ಚುಕಟ್ಟು ಬೇರೆ ಯಾವ ಓಣಿಯಲ್ಲೂ ಇಲ್ಲ ಎಂದು ಹೊಗಳಿ ಚಹಾ ಕುಡಿದು ಹೋದರು.

ಇನ್ನೊಂದನ್ನೂ ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದ: ಯಾರಿಗೆ ಹಾಕಿದೆ ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ, ಗಂಡನಿಗೂ ಇಲ್ಲ. ಇದನ್ನು ಹೇಳುವಾಗ ಅವನ ದನಿ ಏರುತ್ತಿತ್ತು. ಅದೇ ರಾತ್ರಿ ಉಣ್ಣುತ್ತ ಅವನು ಅತ್ತೆಗೂ ಅವ್ವನಿಗೂ, “ನಮ್ಮದು ಏಣಿ, ನೆನಪಿರಲಿ” ಎನ್ನುತ್ತಿದ್ದ. ಅತ್ತೆ “ಹೂಂ” ಎನ್ನುತ್ತಿದ್ದಳು. ಅವ್ವ ರೊಟ್ಟಿ ಹಾಕುತ್ತಿದ್ದಳು. ಒಮ್ಮೆ ಪುಂಡಿಪಲ್ಲೆ ಬಡಿಸುತ್ತ ಅವಳು ಮತ್ತೊಂದು ಸಲ ಹೇಳಿ ನೋಡಿದಳು.

“ಅವರು ಮ್ಯಾಲ ಇಡಾಕ ಕಲತಾರ್ರಿ. ಒಳಗ ಹಾಕಾಕ ಕಲತಿಲ್ಲ.”

“ಖರೆ ಪೆಟ್ಟಿಗಿ ನೋಡಿದಕೂಡಲೇ ತಿಳೀತೈತಿ. ಅವರೇನು ಸಣ್ಣ ಹುಡುಗರೇನ?”

“ಕಂಬಳಿ ಮರಿಯೊಳಗ ಕತ್ತಲ ಇರತೈತಿ.”

“ನಿನಗ ಒಂದು ಹೇಳಿದ್ರ ಹತ್ತು. ಪಲ್ಲೆ ಹಾಕು.”

ನಾನು ಅವ್ವನ ಮುಖ ನೋಡಿದೆ. ಅವಳು ಇನ್ನೊಂದು ಮಾತು ಹೇಳಬೇಕಿತ್ತು. ಜಗಳ ಮಾಡಬೇಕಿತ್ತು. ಹೇಳುವುದು ಸರಿಯಿದ್ದೂ ಹೇಳುವವರು ಅಷ್ಟು ಬೇಗ ನಿಲ್ಲಿಸಿಬಿಡುವುದನ್ನು ನೋಡಿದಾಗ ನನಗೆ ಅಪ್ಪನಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು. ಅವಳು ಪಲ್ಲೆ ಹಾಕಿದಳು.

ಚುನಾವಣೆಯ ದಿನ ಅತ್ತೆ ನಸುಕಿನಲ್ಲಿಯೇ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಡಿ ಸೀರೆ ಉಟ್ಟಳು. ಓಣಿಯ ಹೆಂಗಸರೆಲ್ಲ ಒಟ್ಟಿಗೆ ಹೊರಟರು, ಹೊಸ ಇಳಕಲ್ ಸೀರೆಗಳು ಒಂದಕ್ಕೊಂದು ತಾಗಿ ಸರಸರ ಎನ್ನುತ್ತಿದ್ದವು. ಹೆಣ್ಣುಮಕ್ಕಳ ಶಾಲೆಯಲ್ಲಿ ಅವರಿಗೆ ಬೇರೆ ಕೋಣೆ. ಗಂಡಸರು ಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಅಪ್ಪ ಅಲ್ಲಿ ಬೇವಿನ ಗಿಡದ ಕೆಳಗೆ ಕೈ ಕಟ್ಟಿ ನಿಂತಿದ್ದ, ಮಗಳ ಲಗ್ನದಲ್ಲಿ ನಿಂತವನ ಹಾಗೆ. ನನ್ನನ್ನು ಯಾರೂ ತಡೆಯಲಿಲ್ಲ. ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಅಲ್ಲಿಂದ ಬಾಗಿಲೊಳಗೆ ಮೇಜಿನ ಮುಂದಿದ್ದ ಅಧಿಕಾರಿ, ಅವನ ಹಿಂದೆ ಹಗ್ಗಕ್ಕೆ ಇಳಿಬಿಟ್ಟ ಕಂಬಳಿ, ಕಂಬಳಿಯ ಕೆಳಗೆ ಗೇಣಿನಷ್ಟು ಸಂದಿ ಕಾಣುತ್ತಿದ್ದವು. ಸಂದಿಯಲ್ಲಿ ಕಾಲುಗಳು. ಪ್ರತಿಯೊಬ್ಬಳ ಕಾಲುಗಳೂ ಒಂದು ಕಡೆಗೆ ನಡೆದು, ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ ಬರುತ್ತಿದ್ದವು. ಆ ಹಿಂದೆ ಸರಿಯುವ ಹೆಜ್ಜೆ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಮ್ಮ ಪಡಸಾಲೆಯ ಹೆಜ್ಜೆ.

ಅತ್ತೆ ಹೋಗಿ ಬಂದಳು. ಅವಳ ಹಿಂದೆ ಅವ್ವ. ಅವ್ವನ ಕಾಲುಗಳು ಒಳಗೆ ಹೋದವು, ನಿಂತವು. ಬಹಳ ಹೊತ್ತು ನಿಂತವು. ಆಮೇಲೆ ಎಡಕ್ಕೆ ನಡೆದವು, ಮತ್ತೆ ನಡುವಿಗೆ ಬಂದವು, ಬಲತುದಿಗೆ ಹೋದವು, ಹಿಂದಕ್ಕೆ ಬಂದವು. ಕಾಲುಂಗುರ ನೆಲಕ್ಕೆ ತಾಗಿ ಸಣ್ಣ ಸಪ್ಪಳ. ಬೇರೆ ಯಾರೂ ಹಾಗೆ ಎಲ್ಲ ಪೆಟ್ಟಿಗೆಗಳ ಮುಂದೆ ತಿರುಗಾಡಿರಲಿಲ್ಲ.

“ಏನ್ ಬಾಯಿ, ಒಳಗ ಮನಿ ಕಟ್ಟಾಕತ್ತಿಯೇನು? ಜಲ್ದಿ ಬಾ,” ಎಂದು ಅಧಿಕಾರಿ ಕೂಗಿದ.

ಅವ್ವ ಹೊರಗೆ ಬಂದಳು. ನೇರ ನಮ್ಮ ಕಡೆ ಬರುವ ಬದಲು ಸರದಿಯ ಹತ್ತಿರ ಹೋಗಿ ನಿಂತಳು. ಸೆರಗು ತಲೆಯ ಮೇಲಿನಿಂದ ಜಾರಿತ್ತು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ಮ್ಯಾಲ ಇಡಬ್ಯಾಡ್ರಿ. ಪೆಟ್ಟಿಗಿಗೆ ಕಂಡಿ ಐತಿ. ಕೈಯಾಡಿಸಿ ನೋಡ್ರಿ, ಸಿಗತೈತಿ. ಅದರಾಗ ಹಾಕ್ರಿ.”

“ಏ, ಇಲ್ಲಿ ಪ್ರಚಾರ ಮಾಡಬಾರದು,” ಎಂದು ಪೊಲೀಸಿನವನು ಕೋಲು ಆಡಿಸುತ್ತ ಬಂದ.

“ಪ್ರಚಾರ ಅಲ್ರೀ. ಕಂಡಿ...”

ಬೇವಿನ ಗಿಡದ ಕಡೆಯಿಂದ ಅಪ್ಪನ ದನಿ ಬಂತು. ಅಷ್ಟು ಜನ ಗಂಡಸರ ಎದುರು ಹೆಂಡತಿ ಬಾಯಿ ತೆರೆದು ನಿಂತದ್ದು ಅವನಿಗೆ ಕಂಡಿತ್ತು. ಏನು ಹೇಳುತ್ತಿದ್ದಾಳೆ ಎಂಬುದು ಕೇಳಿಸಿರಲಿಕ್ಕಿಲ್ಲ.

“ಏ, ಸುಮ್ಮ ಇರು. ಬಾ ಈ ಕಡೆ.”

ಸರದಿಯ ಹೆಂಗಸರು ಅಪ್ಪನ ಕಡೆ ನೋಡಿದರು, ಅವ್ವನ ಕಡೆ ನೋಡಿದರು. ಕಲಿಸಿದವನು ಅವನು. ಮುಂದೆ ನಿಂತಿದ್ದ ಕಲ್ಲವ್ವ ಅವ್ವನ ಕೈ ತಟ್ಟಿ, “ನೀ ಹೋಗವಾ, ಅಣ್ಣಾರು ಸಿಟ್ಟಿಗೇಳತಾರ. ನಮಗ ಎಲ್ಲಾ ಪಾಠ ಆಗೇತಿ” ಎಂದು ಒಳಗೆ ಹೋದಳು. ಕಂಬಳಿಯ ಕೆಳಗೆ ಅವಳ ಕಾಲುಗಳು ಬಲಕ್ಕೆ ನಡೆದವು, ನಿಂತವು, ಒಂದು ಹೆಜ್ಜೆ ಹಿಂದೆ ಸರಿದವು.

ಸಂಜೆ ಅಪ್ಪನಿಗೆ ಪರಿಚಯವಿದ್ದ ಗುಮಾಸ್ತನೊಬ್ಬ ಮನೆಗೆ ಬಂದು ಸುದ್ದಿ ಹೇಳಿದ. ಹೆಂಗಸರ ಕೋಣೆಯಲ್ಲಿ ಪೆಟ್ಟಿಗೆಗಳ ಮೇಲೆ ಚೀಟಿಗಳು ರಾಶಿಬಿದ್ದಿದ್ದವು, ಕೆಲವು ನೆಲಕ್ಕೂ ಹಾರಿದ್ದವು. ಎಲ್ಲವನ್ನೂ ಬಳಿದು ಲಕೋಟೆಗೆ ತುಂಬಿ, ರದ್ದು ಎಂದು ಬರೆದರಂತೆ. ಅಪ್ಪ ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದ. ಹೆಂಗಸರಿಗೆ ತಲೆ ಇಲ್ಲ ಎಂದ. ಇಂಥವರನ್ನು ಕಟ್ಟಿಕೊಂಡು ನಾಡು ಕಟ್ಟುವುದು ಹೇಗೆ ಎಂದ. ಡಬ್ಬಿಗಳು ಇನ್ನೂ ಕಟ್ಟೆಯ ಮೇಲೆಯೇ ಇದ್ದವು, ಚಿತ್ರ ಅಂಟಿಸಿಕೊಂಡು. ಅವ್ವ ಅವುಗಳನ್ನು ಒಂದೊಂದಾಗಿ ಎತ್ತಿ ಒಳಗೆ ಒಯ್ಯುತ್ತಿದ್ದಳು.

“ಡಬ್ಬಿಗೆ ಕಂಡಿ ಇರಲಿಲ್ಲ,” ಎಂದಳು.

“ಐತಿ ಅಂತ ತಿಳಕೋರಿ ಅಂತ ದಿನಾ ಗಂಟಲ ಹರಕೊಂಡೀನಿ.”

“ಹಂಗ ತಿಳಕೊಂಡ ಇಟ್ಟಾರ. ಕಲ್ಲವ್ವಗ ಹೇಳಬೇಕು, ಆಕಿದು ಲೆಕ್ಕಕ್ಕ ಹಿಡದಿಲ್ಲ ಅಂತ.”

ಅಪ್ಪ ನಿಂತ. ಓಣಿಯಲ್ಲಿ ತನ್ನ ಪಾಠದ ಗತಿ ತಿಳಿದರೆ ಮರ್ಯಾದೆ ಏನಾದೀತು ಎಂಬುದು ಆಗಷ್ಟೇ ಅವನಿಗೆ ಹೊಳೆದಿರಬೇಕು.

“ಯಾಕ ಹೇಳಬೇಕು? ಹಾಕೀವಿ ಅಂತ ತಿಳಕೊಳ್ಳಲಿ ಬಿಡು.”

ಅಪ್ಪ ನನಗೆ ಅಕ್ಷರ ಕಲಿಸಿದವನು. ಹೆಣ್ಣುಮಗಳನ್ನು ಧಾರವಾಡಕ್ಕೆ ಓದಲು ಕಳಿಸಬೇಡ ಎಂದವರೊಡನೆ ಮುಂದೆ ವರ್ಷಗಟ್ಟಲೆ ಮಾತು ಬಿಟ್ಟವನು. ಅದೆಲ್ಲವನ್ನೂ ಒಂದು ಕಡೆ ಇಟ್ಟು ನೋಡಿದರೂ ಆ ಒಂದು ವಾಕ್ಯ ನನ್ನೊಳಗೆ ಕರಗಿಲ್ಲ. ನಾನು ಮಾತನ್ನು ತೂಕ ಮಾಡಿ ಆಡುವವಳು, ಕಂಡದ್ದನ್ನಷ್ಟೇ ಇದೆ ಎನ್ನುವವಳು ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಅದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದಲ್ಲ.

ಆ ಸಂಜೆ ಹಿತ್ತಲಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಅವ್ವ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದಳು. ಅತ್ತೆ ಪಕ್ಕಕ್ಕೆ ಬಂದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದಳು.

“ಗಂಗವ್ವಾ, ನಂದೂ ಮ್ಯಾಲ ಉಳೀತೇನ?”

“ಇಲ್ಲರಿ ಅಕ್ಕಾರ. ಒಳಗ ಬಿತ್ತು.”

“ನಾ ಮ್ಯಾಲ ಇಟ್ಟಿದ್ದೆ.”

“ಒಳಗ ಬಿತ್ತರಿ,” ಎಂದು ಅವ್ವ ಇನ್ನೊಂದು ಪಾತ್ರೆಗೆ ಕೈ ಹಾಕಿದಳು.

ನನಗೆ ಏನೂ ತಿಳಿಯಲಿಲ್ಲ. ಕೇಳಿದರೆ ಇಬ್ಬರೂ ಹೇಳಲಿಲ್ಲ. ಮರುದಿನ ಬೆಲ್ಲದ ಡಬ್ಬಿ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಬಂದಿತ್ತು, ಅವ್ವನ ಕೈಗೆ ನಿಲುಕುವಲ್ಲಿಗೆ. ಕಲ್ಲವ್ವ ಮಾತ್ರ ರಾಟಿಯ ಮುಂದೆ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದಳು, ತಾನು ಚೀಟಿಯನ್ನು ಕಣ್ಣಿಗೆ ಹಚ್ಚಿಕೊಂಡು ಎಷ್ಟು ಚಂದ ಇಟ್ಟುಬಂದೆ ಎಂದು. ಆರಿಸಿಬಂದವರು ಏನಾದರೂ ಒಳ್ಳೆಯದು ಮಾಡಿದರೆ, “ನಾವ ಹಾಕಿದವರು” ಎನ್ನುತ್ತಿದ್ದಳು. ನಾನು ಶಾಲೆಗೆ ಹೋಗುವಾಗ ಅವಳ ಬಾಗಿಲ ಮುಂದೆ ಹಾಯುವುದನ್ನು ತಪ್ಪಿಸಿ ಹಿಂದಿನ ಓಣಿಯಿಂದ ಹೋಗತೊಡಗಿದೆ.

ಮುಂದಿನ ಚುನಾವಣೆಯ ಹೊತ್ತಿಗೆ ಗೋಡೆಯ ಮೇಲಿನ ಗೆರೆ ನಿಜವಾಗಿತ್ತು. ಮುಂಬೈಯವರು, ಮದ್ರಾಸಿನವರು, ಹೈದರಾಬಾದಿನವರು ಬಿಟ್ಟುಕೊಟ್ಟ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯ. ಹೆಸರು ಮಾತ್ರ ಮೈಸೂರು. ಅಪ್ಪ ನಕಾಶೆಗೆ ಹೊಸ ಕೆಮ್ಮಣ್ಣು ಬಳಿಯುತ್ತ, “ಹೆಸರೂ ಕರ್ನಾಟಕ ಅಂತ ತಿಳಕೋ” ಎಂದ. ಮತ್ತೆ ಹೆಂಗಸರು ಪಡಸಾಲೆಗೆ ಬಂದರು. ಮತ್ತೆ ಡಬ್ಬಿಗಳು ಕಟ್ಟೆಗೆ ಬಂದವು. ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು, ಹೊಸ್ತಿಲ ಮೇಲೆ ಬೋರಲು ಹಾಕಿ, ಒಂದು ಉಳಿ ಮತ್ತು ಸುತ್ತಿಗೆ ಹಿಡಿದು ಕುಳಿತಳು.

“ಏ, ಏನ್ ಮಾಡಾಕತ್ತಿ? ಸುಮ್ಮ ಇಡು ಅದನ್ನ,” ಎಂದ ಅಪ್ಪ.

ಅವ್ವ ಅತ್ತೆಯ ಕಡೆ ನೋಡಿದಳು. ಡಬ್ಬಿ ಅತ್ತೆಯದು.

“ಆಕಿ ಬಡೀಲಿ ಬಿಡೋ ತಮ್ಮಾ,” ಎಂದಳು ಅತ್ತೆ. “ಹಿಂದಿನ ಸಲ ನಾನೂ ಮ್ಯಾಲ ಇಟ್ಟು ಬಂದಿದ್ದೆ. ನಂದು, ನನ್ನ ಮುಂದಿನವರದು, ಎಲ್ಲಾ ಆಕೀನ ಒಳಗ ಹಾಕ್ಯಾಳ. ಯಾರದು ಯಾವುದರ ಮ್ಯಾಲ ಇತ್ತೋ ಅದರಾಗ.”

ಕಂಬಳಿಯ ಕೆಳಗೆ ಎಡಕ್ಕೆ ಬಲಕ್ಕೆ ನಡೆದ ಆ ಕಾಲುಗಳು ನನಗೆ ಆಗ ಅರ್ಥವಾದವು. ಮುಂದೆ ನಾನು ಚುನಾವಣೆಯ ಕಾಯ್ದೆಯನ್ನು ಓದಿದ್ದೇನೆ. ಇನ್ನೊಬ್ಬರ ಚೀಟಿಯನ್ನು ಮುಟ್ಟುವುದು ಅಪರಾಧ. ಆದರೆ ಆ ಕತ್ತಲಲ್ಲಿ ಎಲ್ಲವನ್ನೂ ಬಳಿದು ಏಣಿಯ ಪೆಟ್ಟಿಗೆಗೆ ಹಾಕಿಬಿಡಬಹುದಿತ್ತು, ಗಂಡ ಮೆಚ್ಚುತ್ತಿದ್ದ. ಅವಳು ಹಾಗೆ ಮಾಡಿರಲಿಲ್ಲ. ಅಪ್ಪನಿಗೂ ಅದೇ ಹೊಳೆದಿರಬೇಕು. ಅವನು ಅಕ್ಕನ ಕಡೆ ತಿರುಗಿದ.

“ಅಕ್ಕಾ, ನಿಂದು ಯಾವುದರ ಮ್ಯಾಲ ಇತ್ತು?”

ಅತ್ತೆ ಸೊಂಟದ ಬೀಗದ ಕೈ ಸರಿಮಾಡಿಕೊಂಡಳು.

“ನಿಂಗರ ಗೊತ್ತಿರಬೇಕಲ್ಲ? ಅಕ್ಕಂದು ಯಾವುದರಾಗ ಹಾಕಿದಿ?” ಎಂದು ಅವ್ವನನ್ನು ಕೇಳಿದ.

ಅವ್ವ ಸುತ್ತಿಗೆ ಎತ್ತಿದಳು. ತಗಡಿನ ಮೇಲೆ ಬಿದ್ದ ಏಟಿಗೆ ಪಡಸಾಲೆಯೆಲ್ಲ ಝಣ್ ಎಂದಿತು. ಅವನು ಮತ್ತೆ ಏನೋ ಕೇಳಿದ. ಎರಡನೆಯ ಏಟು ಬಿತ್ತು. ಹತ್ತಾರು ಏಟುಗಳ ನಂತರ ಮುಚ್ಚಳದ ನಡುವೆ ಬೆರಳುದ್ದದ ಒಂದು ಕಂಡಿ ಕಾಣಿಸಿತು, ಅಂಚು ಹರಕುಮುರುಕು. ಅವಳು ಡಬ್ಬಿಯೊಳಗಿನ ಬೆಲ್ಲವನ್ನು ಅತ್ತೆಯ ಮಡಿಲಿಗೆ ಸುರಿದು, ಮುಚ್ಚಳ ಹಾಕಿ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

ಕಲ್ಲವ್ವ ಎದ್ದು ಬಂದು ಕಂಡಿಯಲ್ಲಿ ಬೆರಳು ಆಡಿಸಿದಳು.

“ಹಿಂದಿನ ಸಲ ಇದು ಇರಲಿಲ್ಲಲ್ಲ?”

“ಇರಲಿಲ್ಲ,” ಎಂದಳು ಅವ್ವ.

“ಹಂಗಾರ ನಾ ಇಟ್ಟಿದ್ದು? ನಾ ನಿನ್ನ ಹಿಂದ ಇದ್ದೆ.”

ಅಪ್ಪ ನಕಾಶೆಯ ಕಡೆ ಮುಖ ಮಾಡಿ ನಿಂತಿದ್ದ. ಅವ್ವ ಅವನ ಬೆನ್ನನ್ನು ಒಮ್ಮೆ ನೋಡಿದಳು.

“ನಿಂದು ಮ್ಯಾಲ ಉಳೀತು ಕಲ್ಲವ್ವಾ. ಲೆಕ್ಕಕ್ಕ ಹಿಡೀಲಿಲ್ಲ. ಅವತ್ತ ಹೇಳಬೇಕಿತ್ತು.”

ಕಲ್ಲವ್ವ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಐದು ವರ್ಷ ಬಾಗಿಲಲ್ಲಿ ಕುಳಿತು ಆಡಿದ ಮಾತುಗಳೆಲ್ಲ ನೆನಪಾಗಿರಬೇಕು, ಮುಖ ಕೆಂಪಾಯಿತು. ನನ್ನ ಕೈಯಲ್ಲಿದ್ದ ರಸೀತಿಯ ಚೂರನ್ನು ಕಸಿದುಕೊಂಡಳು. ಕಣ್ಣಿಗೆ ಹಚ್ಚಿಕೊಳ್ಳಲಿಲ್ಲ. ಎರಡಾಗಿ ಮಡಚಿ, ಕಂಡಿಯೊಳಗೆ ತೂರಿಸಿ, ಹೆಬ್ಬೆರಳಿನಿಂದ ತಳ್ಳಿದಳು. ಆಮೇಲೆ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಖಾಲಿ ತಗಡಿನೊಳಗೆ ಕಾಗದ ಸರಿದಾಡಿದ್ದು ನಮಗೆಲ್ಲ ಕೇಳಿಸಿತು.

“ಈಗ ಐತಿ,” ಎಂದಳು.